ಪ್ರೆಸಿಡೆಂಟರ ಬಲಗೈ

ನಮ್ಮೂರಿನ ಫುಟ್‌ಬಾಲ್ ತಂಡ ಸೋಲುವುದು ಹೊಸದೇನಲ್ಲ. ಆದರೆ ಆ ವರ್ಷ ಸೋತ ಹಾಗೆ ಯಾವತ್ತೂ ಸೋತಿರಲಿಲ್ಲ ಬಿಡಿ. ಆಚೆ ದಂಡೆಯ ಊರಿನವರು ಬಂದು ಐದು ಗೋಲು ಹೊಡೆದು ಹೋದರು. ಗುಡ್ಡದ ಮೇಲಿನವರು ಬಂದು ಆರು ಹೊಡೆದರು. ಕೊನೆಗೆ ಸುಣ್ಣದ ಭಟ್ಟಿ ಊರಿನವರು ಬಂದರು. ಅವರಿಗೆ ಹನ್ನೊಂದು ಜನ ಕೂಡಿರಲಿಲ್ಲ, ತಮ್ಮನ್ನು ಕರೆತಂದ ಲಾರಿ ಡ್ರೈವರನ್ನೇ ಲುಂಗಿ ಬಿಚ್ಚಿಸಿ ಚಡ್ಡಿಯಲ್ಲಿ ನಿಲ್ಲಿಸಿಕೊಂಡಿದ್ದರು. ಅವರೂ ಗೆದ್ದರು. ಒಂದು ಗೋಲು ಆ ಡ್ರೈವರೇ ಹೊಡೆದ. ಅವತ್ತು ಊರಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಕ್ಲಬ್ಬಿನ ಪ್ರೆಸಿಡೆಂಟು ನಮ್ಮ ಯಜಮಾನರು. ಹೆಸರು ಪಂಪಣ್ಣ. ಗಂಡನ ಹೆಸರು ನಾನು ಹೇಳಬಾರದು, ಆದರೆ ಬರೀ ಇವರು ಇವರು ಅಂತಿದ್ದರೆ ನಿಮಗೆ ಯಾರು ಅಂತ ತಿಳಿಯಬೇಕಲ್ಲ, ಅದಕ್ಕೆ ಒಂದು ಸಲ ಹೇಳಿದ್ದೇನೆ. ಇವರಿಗೆ ಚೆಂಡು ಒದೆಯಲು ಬರುತ್ತಿರಲಿಲ್ಲ. ಆದರೆ ಆಟ ಅಂದರೆ ಪ್ರಾಣ. ಮದುವೆಯಾದ ಮಾರನೇ ದಿನವೇ ಮೈದಾನಕ್ಕೆ ಓಡಿದವರು, ಇವತ್ತು ಬರುತ್ತಾರೆ ನಾಳೆ ಬರುತ್ತಾರೆ ಅಂತ ನಾನು ಕಾದಿದ್ದೇ ಬಂತು. ಮನೆಯಲ್ಲಿ ಊಟ, ಮೈದಾನದಲ್ಲಿ ಸಂಸಾರ.

ಕೋಚು ಲಾಜರ್ ಮೇಷ್ಟ್ರು. ಎಲ್ಲಿಂದಲೋ ಬಂದವರು, ಮದುವೆ ಮಾಡಿಕೊಳ್ಳಲಿಲ್ಲ, ಮೈದಾನದ ಹಿಂದಿನ ಕೋಣೆಯಲ್ಲಿ ಒಬ್ಬರೇ ಇದ್ದರು. ಅವರ ಬಾಯಲ್ಲಿ ಮಾತಿಗಿಂತ ಸೀಟಿ ಜಾಸ್ತಿ. ಹುಡುಗರು ಸೋತು ಬಂದರೆ ಬೈಯುತ್ತಿರಲಿಲ್ಲ, ಕೂರಿಸಿ ನೀರು ಕುಡಿಸುತ್ತಿದ್ದರು. ಇದೇ ತಪ್ಪು, ಇಷ್ಟು ಮೆತ್ತಗಿದ್ದರೆ ಯಾವ ತಂಡ ಗೆಲ್ಲುತ್ತೆ ಅಂತ ಊರಿನ ಅರ್ಧ ಜನ. ಇನ್ನರ್ಧ ಜನ, ಕೋಚು ಏನು ಮಾಡ್ತಾನೆ ಪಾಪ, ತಪ್ಪೆಲ್ಲ ಆಡಳಿತ ಮಂಡಳಿಯದು ಅಂತ. ಅದೂ ಸುಳ್ಳಲ್ಲ. ಇವರು ಪೇಟೆಯಲ್ಲಿ ಚೆನ್ನಾಗಿ ಸಿಕ್ಕಿತು ಅಂತ ಹನ್ನೊಂದು ಜೊತೆ ಬೂಟು ಹೊತ್ತು ತಂದಿದ್ದರು, ಎಲ್ಲವೂ ಒಂದೇ ಸೈಜು. ಗೋಲು ಕಾಯುವ ದುರ್ಗೇಶ ಎರಡೆರಡು ಕಾಲುಚೀಲ ಹಾಕಿಕೊಂಡು ಆಡಿದ, ಉಳಿದವರು ಬೆರಳು ಮಡಚಿಕೊಂಡು ಆಡಿದರು. ಸಾಲದ್ದಕ್ಕೆ ಪ್ರತಿ ಆಟದ ಮುಂಚೆ ಇವರ ಭಾಷಣ. ಬಿಸಿಲಲ್ಲಿ ಸಾಲಾಗಿ ನಿಂತು ಅದನ್ನು ಕೇಳುವಷ್ಟರಲ್ಲಿ ಹುಡುಗರ ಮಂಡಿ ಅರ್ಧ ಸತ್ತಿರುತ್ತಿತ್ತು. ನನ್ನನ್ನು ಕೇಳಿದ್ದರೆ, ಇಬ್ಬರದೂ ಸಮಪಾಲು ಅನ್ನುತ್ತಿದ್ದೆ. ಆದರೆ ಯಾರು ಕೇಳಬೇಕು?

ಕೊನೆಗೆ ಒಂದು ಭಾನುವಾರ ಕ್ಲಬ್ಬಿನ ಹಾಲಿನಲ್ಲಿ ಸದಸ್ಯರೆಲ್ಲರ ಸಭೆ ಕರೆದರು. ಸಭೆ ಅಂದರೆ ನಮ್ಮೂರಲ್ಲಿ ಸಿದ್ಧತೆ ಬೇಕು. ಹೆಂಗಸರು ಬೆಳಿಗ್ಗೆಯೇ ಹಿಟ್ಟು ರುಬ್ಬಿ ಇಟ್ಟುಬಿಡುತ್ತೇವೆ. ಗಂಡಸರು ಕಂಕುಳಿಂದ ಸೊಂಟದವರೆಗೆ ಲಾಡಿ ಕಟ್ಟುವ ಅಂಗಿ ಹಾಕುತ್ತಾರೆ. ಯಾಕೆಂದರೆ ಗೆದ್ದ ಮಾತಿಗೆ ಎತ್ತಿದ ಕೈ, ಆ ಕೆಲಸ ಮುಗಿಯುವವರೆಗೂ ಇಳಿಯುವುದಿಲ್ಲ, ಎಳೆದರೂ ಬರುವುದಿಲ್ಲ. ಬಿದ್ದುಹೋದ ಮಾತಿನ ಕೈ ಅಲ್ಲೇ ಇಳಿಯುತ್ತೆ, ಅದಕ್ಕೇನೂ ತೊಂದರೆ ಇಲ್ಲ. ಕೆರೆ ಏರಿ ಕಟ್ಟಬೇಕು ಅಂತ ಎತ್ತಿದಾಗ ಊರಿಗೆ ಊರೇ ಒಂದೇ ಕೈಯಲ್ಲಿ ಮಣ್ಣು ಹೊತ್ತಿತ್ತು. ಪರ ಊರಿನವರು ಇಷ್ಟು ಬೇಗ ಹೇಗೆ ಮುಗಿಸಿದಿರಿ ಅಂತ ಬೆರಗಾದರು. ಮುಗಿಸದೆ ಏನು ಮಾಡೋದು, ತಲೆ ಬಾಚಬೇಕಲ್ಲ! ನಮ್ಮ ಬಾಗಿಲುಗಳು ಎತ್ತರ, ಮಂಚದ ಮೇಲೆ ಕೈಗೊಂದು ಜೋಲಿ ತೂಗಿರುತ್ತೆ. ತಿಳಿದವರು ಎಡಗೈ ಎತ್ತುತ್ತಾರೆ. ಭಾವುಕರು ಬಲಗೈ ಎತ್ತುತ್ತಾರೆ, ಆಮೇಲೆ ಊಟಕ್ಕೆ ಕೂತಾಗ ಪರದಾಡುತ್ತಾರೆ.

ಇವರು ಪ್ರತಿ ವರ್ಷ ಸಭೆಯಲ್ಲಿ ಒಂದು ಮಾತು ಆಡುತ್ತಿದ್ದರು: ನಿಮಗೆ ಬೇಡ ಅಂದರೆ ನಾನು ಇವತ್ತೇ ಬಿಟ್ಟು ಹೋಗ್ತೀನಿ ಅಂತ. ಜನ ಛೇ ಛೇ, ಎಲ್ಲಾದರೂ ಉಂಟೇ, ನೀವಿಲ್ಲದೆ ಕ್ಲಬ್ಬೇ ಅನ್ನುತ್ತಿದ್ದರು. ಇವರು ಕಣ್ಣೊರೆಸಿಕೊಂಡು ಕೂರುತ್ತಿದ್ದರು. ಚಹಾ ಬರುತ್ತಿತ್ತು. ಈ ವರ್ಷ ಮಾತಿನ ಓಘ ಸ್ವಲ್ಪ ಜಾಸ್ತಿಯಾಯಿತು. ನಿಂತು ಎದೆ ತಟ್ಟಿಕೊಂಡು, "ಕೋಚ್ ಹೋಗಬೇಕು ಅಂತೀರಾ? ಹೋಗಲಿ! ಮಂಡಳಿಯೂ ಹೋಗಬೇಕು ಅಂತೀರಾ? ಅದೂ ಹೋಗಲಿ! ನಾವೇನು ಕುರ್ಚಿಗೆ ಅಂಟಿಕೊಂಡು ಹುಟ್ಟಿದವರಾ? ಇಬ್ಬರೂ ಹೋಗಬೇಕು ಅನ್ನೋರು ಕೈ ಎತ್ತಿ ನೋಡೋಣ!" ಅಂದುಬಿಟ್ಟರು. ಅಷ್ಟೇ ಅಂದಿದ್ದರೂ ಬೇರೆ ಮಾತು. ಎಲ್ಲರಿಗೂ ಮೇಲ್ಪಂಕ್ತಿ ಹಾಕುವವರ ಹಾಗೆ ತಮ್ಮ ಬಲಗೈಯನ್ನೇ ಮೊದಲು ಎತ್ತಿದರು.

ಛೇ ಛೇ ಅನ್ನುವವರು ಯಾರೂ ಇರಲಿಲ್ಲ. ಕೋಚು ಬೇಡ ಅಂದವರೂ ಎತ್ತಿದರು, ಮಂಡಳಿ ಬೇಡ ಅಂದವರೂ ಎತ್ತಿದರು. ಪ್ರೆಸಿಡೆಂಟರೇ ಎತ್ತಿದ್ದಾರಲ್ಲ ಅಂತ ಮಂಡಳಿಯವರೂ ಎತ್ತಿದರು. ಆಟಗಾರರು ಎತ್ತಿದರು. ಗಂಡ ಒಬ್ಬರೇ ಯಾಕೆ ಎತ್ತಬೇಕು ಅಂತ ನಾನೂ ಎತ್ತಿದೆ, ಎಡಗೈ. ಲಾಜರ್ ಮೇಷ್ಟ್ರು ಮಾತ್ರ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಮಾತು ಗೆದ್ದಿತು ಅಂತ ಸೆಕ್ರೆಟರಿ ಇಮಾಮ್‌ಸಾಬರು ಹೇಳಿದ ಕೂಡಲೇ ಮೇಷ್ಟ್ರು ಎದ್ದು, ಕೊರಳಿನ ಸೀಟಿ ತೆಗೆದು ಮೇಜಿನ ಮೇಲಿಟ್ಟು, "ಬರ್ತೀನಿ" ಅಂತ ಹೋದರು.

ಕೈ ಇಳಿಯಲಿಲ್ಲ.

ಎಲ್ಲರೂ ತಮ್ಮ ತಮ್ಮ ಕೈಯನ್ನು ಒಂದು ಸಲ ನೋಡಿಕೊಂಡು, ಆಮೇಲೆ ಮಂಡಳಿಯವರ ಕಡೆ ನೋಡಿದರು. ಇಮಾಮ್‌ಸಾಬರು ಬುದ್ಧಿವಂತರು. "ಹಾಂ, ಇನ್ನು ನಮ್ಮ ಸರದಿ. ನಾನು ಬಿಟ್ಟೆ" ಅಂದರು. ಮಂಡಳಿಯ ಉಳಿದವರೂ ಒಬ್ಬೊಬ್ಬರಾಗಿ ಬಿಟ್ಟೆ, ಬಿಟ್ಟೆ ಅಂದರು. ಉಳಿದವರು ಇವರೊಬ್ಬರೇ. ಇವರ ಮುಖ ನೋಡಬೇಕಿತ್ತು ನೀವು. ಬಾಯಿ ತೆರೆದರು, ಮುಚ್ಚಿದರು, ಮತ್ತೆ ತೆರೆದು, "ನನಗೆ ಸ್ವಲ್ಪ ಟೈಮ್ ಕೊಡಿ" ಅಂದರು. ಇವರ ತಂದೆ ಕಟ್ಟಿದ ಕ್ಲಬ್ಬು ಅದು. ಪಾಪ ಅಂತ ಜನ ಸುಮ್ಮನೆ ಎದ್ದು, ಕೈ ಎತ್ತಿಕೊಂಡೇ ಮನೆಗೆ ಹೋದರು.

ಮನೆಗೆ ಬಂದ ಮೇಲೆ ಊಟದ ಪ್ರಶ್ನೆ ಬಂತು. ಎಡಗೈಯಲ್ಲಿ ಉಣ್ಣಲ್ಲ ಅಂತ ಇವರ ಹಠ. ನಾನು ಬಾಗಿಲು ಹಾಕಿ, ಕಿಟಕಿ ಹಾಕಿ, ಅನ್ನ ಸಾರು ಕಲಸಿ ತುತ್ತು ಮಾಡಿ ಬಾಯಿಗಿಟ್ಟೆ. ಮೊದಲ ತುತ್ತಿಗೆ ಇಬ್ಬರಿಗೂ ನಾಚಿಕೆಯಾಯಿತು. ಮಾರನೇ ದಿನದಿಂದ ಅಭ್ಯಾಸವಾಯಿತು. ನನ್ನದು ಬಲಗೈ ಇತ್ತು, ಇವರದು ಎಡಗೈ. ಇವರು ಈರುಳ್ಳಿ ಹಿಡಿದುಕೊಂಡರೆ ನಾನು ಹೆಚ್ಚುತ್ತಿದ್ದೆ. ಇವರು ಪಾತ್ರೆ ಅದುಮಿ ಹಿಡಿದರೆ ನಾನು ಉಜ್ಜುತ್ತಿದ್ದೆ. ಸುಳ್ಳು ಯಾಕೆ ಹೇಳಲಿ, ನನಗೆ ಹಿತವಾಗಿತ್ತು. ಸೊಸೆಯಾಗಿ ಬಂದಾಗಿನಿಂದ ಆ ಮನುಷ್ಯ ಅಡುಗೆಮನೆಯ ಹೊಸ್ತಿಲು ತುಳಿದದ್ದನ್ನು ನೋಡಿರಲಿಲ್ಲ. ಈಗ ದಿನವಿಡೀ ಪಕ್ಕದಲ್ಲೇ ಇರುತ್ತಿದ್ದರು. ಊರಿನವರ ಕೈಯೆಲ್ಲ ಮೇಲಿರುವಾಗ ನನಗೆ ಹಿತವಾಗಿದೆ ಅಂತ ಹೇಳಿದರೆ ಉಗಿಯುತ್ತಾರೆ ಅಂತ ಬಾಯಿ ಬಿಡಲಿಲ್ಲ.

"ಯಾಕ್ರೀ, ಬಿಟ್ಟೆ ಅನ್ನೋಕೆ ಏನು ಕಷ್ಟ? ಎರಡಕ್ಷರ" ಅಂತ ಕೇಳಿದೆ ಒಂದು ಮಧ್ಯಾಹ್ನ.

"ಬಿಡ್ತೀನಿ ಕಣೇ. ಒಂದು ಆಟ ಗೆಲ್ಲಿಸಿ ಬಿಡ್ತೀನಿ. ಸೋತು ಓಡಿಹೋದ ಅಂತ ಅನ್ನಿಸಿಕೊಳ್ಳಲ್ಲ" ಅಂದರು.

"ಕೈ ಎತ್ತಿಕೊಂಡು ಆಡೋ ಹುಡುಗರು ಗೆಲ್ತಾರಾ?"

"ಫುಟ್‌ಬಾಲ್ ಆಡೋದು ಕಾಲಲ್ಲಿ" ಅಂದರು. ಈ ಮಾತಿಗೆ ಏನು ಹೇಳ್ತೀರಿ?

ಮುಂದಿನ ಆಟ ಬಂತು. ಆಚೆ ದಂಡೆಯವರೇ. ನಮ್ಮ ಹನ್ನೊಂದು ಹುಡುಗರೂ ಕೈ ಎತ್ತಿಕೊಂಡೇ ಮೈದಾನಕ್ಕೆ ಇಳಿದರು. ಪರ ಊರಿನ ರೆಫರಿ, "ಆಟ ಶುರುವಾಗೋಕೆ ಮುಂಚೆಯೇ ಶರಣಾದಿರೇನ್ರಪ್ಪಾ?" ಅಂದ. ಅವನಿಗೆ ತಿಳಿಸಿ ಹೇಳುವಷ್ಟರಲ್ಲಿ ಸಾಕಾಗಿಹೋಯಿತು. ಓಡಿದರೆ ತೂಕ ಒಂದೇ ಕಡೆ ಎಳೆಯುತ್ತಿತ್ತು, ಹುಡುಗರು ಬಲಕ್ಕೆ ಹೊರಟು ಎಡಕ್ಕೆ ಮುಟ್ಟುತ್ತಿದ್ದರು. ಎತ್ತರದ ಚೆಂಡು ಬಂದರೆ ಯಾರದಾದರೂ ಕೈಗೆ ಬಡಿಯಿತೆಂದೇ ಲೆಕ್ಕ, ಪೆನಾಲ್ಟಿ. ಗೆರೆಯಾಚೆಯಿಂದ ಚೆಂಡು ಎಸೆಯಲು ಎರಡು ಕೈ ಬೇಕು, ಒಂದರಲ್ಲಿ ಎಸೆದರೆ ಅದೂ ತಪ್ಪು. ದುರ್ಗೇಶ ಮೇಲೆ ಬಂದದ್ದನ್ನು ಮಾತ್ರ ಚೆನ್ನಾಗಿ ತಡೆದ. ಅದು ತಿಳಿದ ಮೇಲೆ ಅವರು ಎಲ್ಲವನ್ನೂ ನೆಲಕ್ಕೇ ಹೊಡೆದರು. ಎಷ್ಟು ಗೋಲು ಅಂತ ನಾನು ಹೇಳಲ್ಲ, ನನಗೂ ಮರ್ಯಾದೆ ಇದೆ. ಇವರು ಕುರ್ಚಿಯ ಮೇಲೆ ಕೈ ಎತ್ತಿಕೊಂಡು ಕೂತಿದ್ದರು. ದೂರದಿಂದ ನೋಡಿದವರಿಗೆ ಆಶೀರ್ವಾದ ಮಾಡುತ್ತಿದ್ದಾರೇನೋ ಅನ್ನಿಸಬೇಕು.

ಇಷ್ಟಾದರೂ ಯಾರೂ ಕಿರುಚಾಡಲಿಲ್ಲ. ನಮ್ಮೂರಿನವರ ಗುಣವೇ ಹಾಗೆ, ತಾವೇ ಎತ್ತಿದ ಕೈಗೆ ಇನ್ನೊಬ್ಬರನ್ನು ಬೈಯುವುದಿಲ್ಲ. ಕಟಿಂಗ್ ಶಾಪಿನಲ್ಲಿ ಸೇರಿದ ಹತ್ತು ಹನ್ನೆರಡು ಜನ ಮಾತ್ರ ತಲೆ ಓಡಿಸಿ, ಹಳೆಯ ಮಾತು ರದ್ದಾಗಲಿ ಅಂತ ಉಳಿದಿದ್ದ ಇನ್ನೊಂದು ಕೈಯನ್ನೂ ಎತ್ತಿದರು. ಹಳೆಯ ಕೈ ಇಳಿಯಲಿಲ್ಲ, ಹೊಸದೂ ಮೇಲೇ ಉಳಿಯಿತು. ಅವರನ್ನು ಹೆಂಡಂದಿರು ಮುಖ ತೊಳೆಸಿ, ಊಟ ಮಾಡಿಸಿ, ಅದರ ಜೊತೆಗೆ ಬೈಗುಳವನ್ನೂ ತಿನ್ನಿಸಿದರು. ಅಲ್ಲಿಗೆ ಬೇರೆ ದಾರಿ ಇಲ್ಲ ಅನ್ನುವುದು ಎಲ್ಲರಿಗೂ ಖಾತ್ರಿಯಾಯಿತು. ಇವರು ಬಿಟ್ಟೆ ಅನ್ನಬೇಕು, ಅಷ್ಟೇ.

ಊರಿನಲ್ಲಿ ಎರಡು ಕೈಯೂ ಕೆಳಗಿದ್ದ ದೊಡ್ಡವರು ಅಂದರೆ ಲಾಜರ್ ಮೇಷ್ಟ್ರು. ಸೀಟಿ ಬಿಟ್ಟ ಮೇಲೆ ಊರು ಬಿಡುತ್ತಾರೆ ಅಂದುಕೊಂಡಿದ್ದೆವು. ಬಿಡಲಿಲ್ಲ. ಮನೆಮನೆಗೆ ಹೋಗಿ ಹುಡುಗರ ಭುಜಕ್ಕೆ ಎಣ್ಣೆ ತಿಕ್ಕುತ್ತಿದ್ದರು. ಒಂದು ಬೆಳಿಗ್ಗೆ ನಮ್ಮ ಬಾಗಿಲಿಗೂ ಬಂದರು. "ನೀಲಕ್ಕಾ, ಸ್ವಲ್ಪ ಎಣ್ಣೆ ಬಿಸಿ ಮಾಡಿಕೊಡಿ" ಅಂದರು. ನಾನು ಇವರ ಮುಖ ನೋಡಿದೆ. ಇವರು ನೆಲ ನೋಡಿದರು.

ಮೇಷ್ಟ್ರು ಹಿಂದೆ ನಿಂತು ಹೆಗಲಿನಿಂದ ಬೆರಳಿನ ತುದಿಯವರೆಗೆ ತಿಕ್ಕಿದರು. ಬೆರಳು ಬಿಳಿಚಿಕೊಂಡಿದ್ದವು, ಮುಟ್ಟಿದರೆ ತಣ್ಣಗೆ. "ಪಂಪಣ್ಣೋರೇ, ಹುಡುಗರ ಕೈ ತಡೆಯುತ್ತೆ. ನಿಮ್ಮದು ತಡೆಯಲ್ಲ. ಇನ್ನೂ ಹೀಗೇ ಬಿಟ್ಟರೆ, ಕೆಲಸ ಮುಗಿದರೂ ಇದು ಇಳಿಯಲ್ಲ. ಹಾಲಪ್ಪಜ್ಜನದು ನೀವೂ ನೋಡಿದ್ದೀರಿ" ಅಂದರು. ನೋಡದೆ ಏನು, ಹಾಲಪ್ಪಜ್ಜನನ್ನು ಮಣ್ಣು ಮಾಡುವಾಗ ಎತ್ತಿದ ಕೈಗೆ ಅಂತ ಗುಂಡಿಯನ್ನು ತಲೆಯ ಕಡೆ ಒಂದು ಮೊಳ ಜಾಸ್ತಿ ತೋಡಿದ್ದರು.

ಇವರು, "ಮೇಷ್ಟ್ರೇ, ನಿಮಗೆ ನನ್ನ ಮೇಲೆ ಸಿಟ್ಟಿಲ್ವಾ?" ಅಂತ ಕೇಳಿದರು.

"ಇದೆ" ಅಂದರು ಮೇಷ್ಟ್ರು, ತಿಕ್ಕುವುದನ್ನು ನಿಲ್ಲಿಸದೆ. "ಇಷ್ಟು ವರ್ಷ ಜೊತೆಗಿದ್ದು, ಒಂದು ಮಾತು ಮನೆಗೆ ಕರೆದು ಹೇಳಬಹುದಿತ್ತು. ಸಭೆಯಲ್ಲಿ, ಹುಡುಗರ ಮುಂದೆ, ಭಾಷಣ ಮಾಡಿ ಕಳಿಸಿದಿರಿ. ಸಿಟ್ಟಿದೆ. ಎಣ್ಣೆ ಹಚ್ಚೋದು ಬೇರೆ."

"ಬಿಟ್ಟ ಮೇಲೆ ಹೇಗಾಯ್ತು ನಿಮಗೆ?"

"ಮೊದಲ ದಿನ ಸಂಜೆ ಆದಾಗ ಎಲ್ಲಿ ಕೂರಬೇಕು ಅಂತ ಗೊತ್ತಾಗಲಿಲ್ಲ. ಮಾರನೇ ದಿನವೂ ಗೊತ್ತಾಗಲಿಲ್ಲ. ಇನ್ನೂ ಗೊತ್ತಾಗಿಲ್ಲ." ಇಷ್ಟು ಹೇಳಿ ಕೈ ಒರೆಸಿಕೊಂಡು, ಚಹಾ ಕೂಡ ಕುಡಿಯದೆ ಹೋದರು.

ಅವತ್ತಿನಿಂದ ನಾನು ಬೆಂಕಿಯ ಮೇಲೆ ಕೂತ ಹಾಗೆ ಇದ್ದೆ. ತುತ್ತು ತಿನ್ನಿಸುವ ಹಿತವೆಲ್ಲ ಎಲ್ಲಿ ಹೋಯಿತೋ. ಕೈ ಹೋಗುತ್ತೆ ಅನ್ನುವುದೊಂದೇ ತಲೆಯಲ್ಲಿ. ಕಾಲು ಹಿಡಿದೆ, ಬೈದೆ, ಅತ್ತೆ. "ನನ್ನ ಕೈ, ಹೋದರೆ ಹೋಗಲಿ" ಅಂದರು. ಅಂಥವರ ಹತ್ತಿರ ಏನು ಮಾತಾಡೋದು ಹೇಳಿ.

ಎರಡು ದಿನ ಕಳೆದು ಸ್ನಾನ ಮಾಡಿ ಬಂದು ಜಡೆ ಹೆಣೆಯಲು ಕೂತೆ. ಒಂದು ಕೈಯಲ್ಲಿ ಜಡೆ ಬರಲ್ಲ, ಬನ್ನಿ ಅಂತ ಇವರನ್ನು ಕರೆದೆ. ಬಂದು ಹಿಂದೆ ಕೂತು ಎಡಗೈಯಲ್ಲಿ ಜಡೆಯ ಒಂದು ಎಳೆ ಹಿಡಿದುಕೊಂಡರು. ಹಾಗೇ ಕೂತವರು ಹೆಣೆಯುವುದನ್ನು ನಿಲ್ಲಿಸಿದರು. ತಿರುಗಿ ನೋಡಿದರೆ ನನ್ನ ಎಡಗೈಯನ್ನೇ ದಿಟ್ಟಿಸುತ್ತಿದ್ದರು. ಅದು ಎಷ್ಟು ಸೊರಗಿತ್ತೆಂದರೆ ಬಳೆಗಾರ ಸೋಪು ಹಚ್ಚಿ ತೊಡಿಸಿದ್ದ ಬಳೆಗಳು ಜಾರಿ ಕಂಕುಳಿಗೆ ಬಂದು ಕೂತಿದ್ದವು. ನನಗೇ ಅದರ ಕಡೆ ಗಮನ ಇರಲಿಲ್ಲ, ಎಲ್ಲ ಗಮನ ಇವರ ಕೈ ಮೇಲೆ.

"ನೋಯುತ್ತಾ?" ಅಂದರು.

"ಇಲ್ಲ" ಅಂದೆ. ನಿಜವಾಗಿಯೂ ನೋಯುತ್ತಿರಲಿಲ್ಲ. ನೋವು ಯಾವಾಗಲೋ ಹೋಗಿತ್ತು. ಅದನ್ನೂ ಹೇಳಿದೆ.

ಇವರು ಜಡೆ ಬಿಟ್ಟು ಎದ್ದರು. ನಾನು ಬಿಚ್ಚುಗೂದಲಲ್ಲೇ ಹಿಂದೆ ಓಡಿದೆ. ಮೈದಾನದಲ್ಲಿ ಹುಡುಗರು ಕೈ ಎತ್ತಿಕೊಂಡೇ ಅಭ್ಯಾಸ ಮಾಡುತ್ತಿದ್ದರು, ಅಂಚಿನಲ್ಲಿ ಊರಿನವರು ಕೂತಿದ್ದರು. ಇವರು ನಡುವೆ ಹೋಗಿ ನಿಂತರು. ನಾನು ಭಾಷಣ ಶುರುವಾಯಿತು ಅಂದುಕೊಂಡೆ. "ಬಿಟ್ಟೆ ಕಣ್ರಪ್ಪಾ" ಅಂದರು. ಅಷ್ಟೇ.

ಊರಿನ ಕೈಗಳೆಲ್ಲ ಒಟ್ಟಿಗೆ ಬಿದ್ದವು. ತೊಡೆಗೆ, ನೆಲಕ್ಕೆ, ಪಕ್ಕದವರ ಬೆನ್ನಿಗೆ ಧಪಧಪ ಬಡಿದವು. ಅಯ್ಯೋ ಅಮ್ಮಾ ಅಂತ ಕೆಲವರು, ನಗುವವರು ಕೆಲವರು. ಹೆಂಗಸರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತರು, ಹಾಗೆ ಅತ್ತು ಎಷ್ಟೋ ಕಾಲವಾಗಿತ್ತಲ್ಲ. ಇವರ ಕೈ ಮಾತ್ರ ಇಳಿಯಲಿಲ್ಲ. ಲಾಜರ್ ಮೇಷ್ಟ್ರು ಎಲ್ಲಿದ್ದರೋ ಓಡಿ ಬಂದು, ಹೆಗಲು ಹಿಡಿದು, ಹಸುಗೂಸನ್ನು ಮಲಗಿಸುವವರ ಹಾಗೆ ಒಂದಿಷ್ಟೇ ಒಂದಿಷ್ಟೇ ಕೆಳಗೆ ತಂದರು. ಬಂತು. ಪೂರ್ತಿ ಬಂತು. "ಇನ್ನು ಒಂದು ವರ್ಷ ಇದನ್ನು ಎತ್ತಬೇಡಿ. ಹಗ್ಗದ ಮೇಲೆ ಪಂಚೆ ಹಾಕೋಕೂ ಬೇಡ. ಇನ್ನೊಂದು ಸಲ ಮೇಲೆ ಹೋದರೆ ನನ್ನಿಂದಲೂ ಇಳಿಸೋಕಾಗಲ್ಲ" ಅಂದರು. ಮನೆಗೆ ಬಂದು ಇವರು ಅತ್ತರು. ನಾನು ಅಳಲಿ ಅಂತ ಬಿಟ್ಟೆ.

ಹೊಸ ಮಂಡಳಿ ಬಂತು. ಪೋಸ್ಟಾಫೀಸಿನ ರೋಹಿಣಿಯಮ್ಮ ಪ್ರೆಸಿಡೆಂಟು. ಆಯಮ್ಮ ಮೊದಲು ಮಾಡಿದ ಕೆಲಸ ಹುಡುಗರ ಕಾಲಿನ ಅಳತೆ ತೆಗೆದುಕೊಂಡಿದ್ದು. ಎರಡನೇ ಕೆಲಸ, ಹೊಸ ಕೋಚಿನ ಹೆಸರು ಸೂಚಿಸಿ ಅಂತ ಸಭೆ ಕರೆದಿದ್ದು. ಎಲ್ಲರೂ ಬಂದರು, ಲಾಜರ್ ಮೇಷ್ಟ್ರೂ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಇವರು ನನ್ನ ಪಕ್ಕ ಗೋಡೆಗೊರಗಿ ಕೂತಿದ್ದರು, ಈಗ ಕುರ್ಚಿ ಇಲ್ಲವಲ್ಲ.

ಹೆಸರು ಸೂಚಿಸುವುದು ಅಂದರೆ ನಮ್ಮಲ್ಲಿ ಸುಲಭದ ಮಾತಲ್ಲ. ಸೂಚಿಸುವವರು ಮೊದಲು ಒಬ್ಬರೇ ಕೈ ಎತ್ತಬೇಕು. ಯಾರ ಹೆಸರು ಹೇಳಿದರೋ ಆ ಮನುಷ್ಯ ಹೂಂ ಅನ್ನುವವರೆಗೆ ಅದು ಮೇಲೇ ಇರುತ್ತೆ. ಹೂಂ ಅನ್ನದಿದ್ದರೆ ಇಳಿಯುವುದೇ ಇಲ್ಲ. ರೋಹಿಣಿಯಮ್ಮ ಎರಡು ಸಲ ಕೇಳಿದರು. ಎಲ್ಲರ ಮನಸ್ಸಿನಲ್ಲೂ ಒಂದೇ ಹೆಸರಿತ್ತು, ಅದು ನನಗೆ ಚೆನ್ನಾಗಿ ಗೊತ್ತು. ಆದರೆ ಕೈ ಎಲ್ಲರಿಗೂ ಈಗ ತಾನೇ ವಾಪಸು ಬಂದಿತ್ತು. ಕಂಕುಳಲ್ಲಿ, ಸೆರಗಿನಲ್ಲಿ, ತೊಡೆಯ ಕೆಳಗೆ ಬಚ್ಚಿಟ್ಟುಕೊಂಡು ಕೂತರು. ಮೇಷ್ಟ್ರು ಹೂಂ ಅನ್ನುತ್ತಾರೆ ಅಂತ ಯಾವ ಧೈರ್ಯ? ಕಳಿಸಿದವರು ನಾವೇ ಅಲ್ಲವೇ.

ಪಕ್ಕದಲ್ಲಿ ಅಂಗಿ ಸರಿದ ಸದ್ದಾಯಿತು. ನಾನು ತಿರುಗುವಷ್ಟರಲ್ಲಿ ಇವರ ಬಲಗೈ ಮೇಲಕ್ಕೆ ಹೋಗಿಯಾಗಿತ್ತು. ನಾನು ಎರಡೂ ಕೈಯಿಂದ ಹಿಡಿದು ಎಳೆದೆ. ಬರಲಿಲ್ಲ. "ಏನ್ರೀ ನಿಮಗೆ ಬುದ್ಧಿ ಇದೆಯಾ, ಎಡಗೈಯಾದರೂ ಎತ್ತಬಾರದಾ!" ಅಂತ ಸಭೆ ಅನ್ನುವುದನ್ನೂ ಮರೆತು ಕೂಗಿದೆ.

"ಅವತ್ತು ಎತ್ತಿದ್ದು ಇದನ್ನೇ ಕಣೇ" ಅಂದರು ಮೆಲ್ಲಗೆ. ಆಮೇಲೆ ಗಟ್ಟಿಯಾಗಿ, "ಲಾಜರ್ ಮೇಷ್ಟ್ರು" ಅಂದರು.

ಮೇಷ್ಟ್ರು ಹಿಂದಿನಿಂದ ಎದ್ದು ಜನರ ನಡುವೆ ದಾರಿ ಮಾಡಿಕೊಂಡು ನಮ್ಮ ಮುಂದೆ ಬಂದು ನಿಂತರು. ಅವರ ಮುಖ ಕೆಂಪಾಗಿತ್ತು. "ಇದನ್ನು ಎತ್ತಬೇಡಿ ಅಂತ ಹೇಳಿದ್ದೆ" ಅಂದರು.

"ಹೇಳಿದ್ದಿರಿ."

"ನಾನು ಹೂಂ ಅನ್ನಲ್ಲ ಅಂದರೆ?"

"ಅನ್ನಲೇಬೇಕು ಅಂತ ಎತ್ತಿಲ್ಲ ಮೇಷ್ಟ್ರೇ" ಅಂದರು ಇವರು. ಬೆರಳು ಆಗಲೇ ಬಿಳಿಚಿಕೊಳ್ಳುತ್ತಿದ್ದವು. "ನೀವು ನಿಧಾನವಾಗಿ ಯೋಚನೆ ಮಾಡಿ. ನನಗೇನೂ ಅವಸರ ಇಲ್ಲ."

ಮೇಷ್ಟ್ರು ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ. ಸ್ವಲ್ಪ ಹೊತ್ತು ಆ ಕೈಯನ್ನೇ ನೋಡಿದರು. ಆಮೇಲೆ ಇವರ ಇನ್ನೊಂದು ಪಕ್ಕದಲ್ಲಿ ಕೂತು, ಮೊಣಕೈ ಕೆಳಗೆ ತಮ್ಮ ಅಂಗೈ ಕೊಟ್ಟು, ಭಾರವೆಲ್ಲ ತಾವು ಹೊತ್ತುಕೊಂಡು, ಯೋಚನೆ ಮಾಡುತ್ತಾ ಕೂತರು.